ವೇಪ್ ನಿಷೇಧ: ಸಿಗರೇಟು ಬಿಡಲು ಒದ್ದಾಡುವವರ ಪಾಲಿಗೆ ಏನುಳಿದಿದೆ?

ಭಾರತದಲ್ಲಿ ಇ-ಸಿಗರೇಟು, ಅಂದರೆ ವೇಪ್, 2019ರ ಸೆಪ್ಟೆಂಬರ್‌ನಿಂದ ನಿಷಿದ್ಧ. ಮೊದಲು ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಕಾಯ್ದೆಯಾಯಿತು. ಕರ್ನಾಟಕ 2016ರಲ್ಲೇ ನಿಷೇಧಿಸಿತ್ತು. ತಯಾರಿಕೆ, ಆಮದು, ಮಾರಾಟ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ. ಮಾರುವವರು ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸೇದುವುದನ್ನು ಮಾತ್ರ ಈ ಕಾಯ್ದೆ ಅಪರಾಧ ಎಂದಿಲ್ಲ.

ಇತ್ತ ಸಿಗರೇಟು, ಬೀಡಿ ಬೀದಿ ಬೀದಿಯ ಗೂಡಂಗಡಿಯಲ್ಲಿ ರಾಜಾರೋಷವಾಗಿ ಸಿಗುತ್ತೆ. ಹೆಚ್ಚು ಕೊಲ್ಲುವುದಕ್ಕೆ ಪರವಾನಗಿ, ಕಡಿಮೆ ಹಾನಿಯದ್ದಕ್ಕೆ ಜೈಲು. ಇದು ನನಗೆ ಅರ್ಥವಾಗದ ಲೆಕ್ಕ.

ಹಾಗಂತ ವೇಪ್ ಸುರಕ್ಷಿತ ಅಂತ ನಾನು ಹೇಳ್ತಿಲ್ಲ. ಚಟ ಹಿಡಿಸೋದು ನಿಕೋಟಿನ್. ಕ್ಯಾನ್ಸರ್ ತರುವುದು ಮುಖ್ಯವಾಗಿ ತಂಬಾಕು ಉರಿದಾಗ ಬರುವ ಹೊಗೆ. ವೇಪ್‌ನಲ್ಲಿ ಉರಿಯುವುದಿಲ್ಲ, ದ್ರವ ಕಾದು ಆವಿಯಾಗುತ್ತೆ. ಆದ್ದರಿಂದ ವಿಷ ಕಡಿಮೆ, ಚಟ ಹಾಗೇ. 2019ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್ ಪ್ರಕಟಿಸಿದ ಬ್ರಿಟನ್ನಿನ ಅಧ್ಯಯನದಲ್ಲಿ 886 ಜನರಿದ್ದರು. ಒಂದು ವರ್ಷದ ನಂತರ ಸಿಗರೇಟು ಬಿಟ್ಟಿದ್ದವರು ವೇಪ್ ಗುಂಪಿನಲ್ಲಿ ಶೇ. 18, ಗಮ್, ಪ್ಯಾಚ್‌ನಂಥ ನಿಕೋಟಿನ್ ಬದಲಿಗಳ ಗುಂಪಿನಲ್ಲಿ ಶೇ. 9.9. ಆದರೆ ವೇಪ್‌ನಿಂದ ಬಿಟ್ಟವರಲ್ಲಿ ಶೇ. 80ರಷ್ಟು ಜನ ಆಗಲೂ ವೇಪ್ ಸೇದುತ್ತಲೇ ಇದ್ದರು! ವೇಪ್ ಪರ ವಾದಿಸುವವರು ಈ ಎರಡನೇ ಅಂಕಿಯನ್ನು ನುಂಗಿಬಿಡ್ತಾರೆ.

ಬೇರೆ ದೇಶಗಳು ಏನು ಮಾಡಿವೆ? ಬ್ರಿಟನ್‌ನಲ್ಲಿ 18 ದಾಟಿದವರಿಗೆ ಅಂಗಡಿಯಲ್ಲೇ ಸಿಗುತ್ತೆ. ನಿಕೋಟಿನ್ ಮಿಲಿಲೀಟರಿಗೆ 20 ಮಿಲಿಗ್ರಾಂ ಮೀರುವಂತಿಲ್ಲ. ಮಕ್ಕಳ ಕೈಗೂ ಸುಲಭವಾಗಿ ಸಿಕ್ಕಿದ್ದರಿಂದ, 2025ರ ಜೂನ್ 1ರಿಂದ ಒಮ್ಮೆ ಬಳಸಿ ಎಸೆಯುವ ವೇಪ್‌ಗೆ ಅಲ್ಲಿ ನಿಷೇಧ. ಆಸ್ಟ್ರೇಲಿಯಾದಲ್ಲಿ 2024ರ ಜುಲೈನಿಂದ ಔಷಧಿ ಅಂಗಡಿ ಬಿಟ್ಟು ಬೇರೆಲ್ಲೂ ಮಾರುವಂತಿಲ್ಲ. ಅಕ್ಟೋಬರ್‌ನಿಂದ ವಯಸ್ಕರಿಗೆ ವೈದ್ಯರ ಚೀಟಿ ಕಡ್ಡಾಯವಲ್ಲ, ಫಾರ್ಮಸಿಸ್ಟ್ ಜೊತೆ ಮಾತಾಡಿ ಕೊಳ್ಳಬಹುದು. ಕಾಳಸಂತೆ ಅಲ್ಲೂ ನಿಂತಿಲ್ಲ.

ನನ್ನ ಒಲವು ಆಸ್ಟ್ರೇಲಿಯಾದ ದಾರಿಯ ಕಡೆಗೆ. ಔಷಧಿ ಅಂಗಡಿ, ವಯಸ್ಸಿನ ದಾಖಲೆ, ನಿಕೋಟಿನ್ ಮಿತಿ, ಹಣ್ಣು-ಚಾಕೊಲೇಟ್ ರುಚಿಗಳಿಗೆ ಕಡಿವಾಣ. ಕದ್ದು ಮಾರುವವನು ಕಾಲೇಜು ಹುಡುಗನ ವಯಸ್ಸು ಕೇಳ್ತಾನಾ? ಒಳಗಿರೋ ದ್ರವ ಏನು ಅಂತ ಅವನಿಗೂ ಗೊತ್ತಿರಲ್ಲ.

ಆದರೆ ಇಲ್ಲೊಂದು ದೊಡ್ಡ ಮಿತಿಯಿದೆ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ, ನಮ್ಮ ವಯಸ್ಕರಲ್ಲಿ ಸಿಗರೇಟು ಸೇದುವವರು ಶೇ. 4, ಬೀಡಿ ಸೇದುವವರು ಶೇ. 7.7, ಖೈನಿ-ಗುಟ್ಕಾದಂಥ ಹೊಗೆರಹಿತ ತಂಬಾಕು ಬಳಸುವವರು ಶೇ. 21.4. ಬೀಡಿ ಸೇದುವ ಕೂಲಿಕಾರರಿಗೆ ವೇಪ್ ಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಜಗಿಯುವವರಿಗಂತೂ ಅದು ಉಪಯೋಗಕ್ಕೇ ಬಾರದ್ದು. ನಿಷೇಧ ಸಡಿಲಿಸಿದರೆ ಮೊದಲು ಲಾಭವಾಗೋದು ನಗರದ ಸಿಗರೇಟುದಾರರಿಗೆ. ಉಳಿದವರಿಗೆ ಬೇಕಿರೋದು ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಸಿಗುವ ಗಮ್, ಪ್ಯಾಚ್ ಮತ್ತು ಆಪ್ತಸಲಹೆ.

ಈಗಲೇ ಬಿಡಬೇಕು ಅನ್ನುವವರು ಕೇಂದ್ರ ಸರ್ಕಾರದ ಉಚಿತ ಸಹಾಯವಾಣಿ 1800-11-2356ಕ್ಕೆ ಕರೆ ಮಾಡಬಹುದು. 2 ಮಿಲಿಗ್ರಾಂ ನಿಕೋಟಿನ್ ಗಮ್ ವೈದ್ಯರ ಚೀಟಿ ಇಲ್ಲದೆಯೂ ಮೆಡಿಕಲ್ ಶಾಪ್‌ನಲ್ಲಿ ಸಿಗುತ್ತೆ.