ಮೆಕ್ಯಾನಿಕ್ ಮೆಕಡನ್ ಮತ್ತು ಅವನ ಮನೆಯವರು

ಮೊದಲ ಮಹಾಯುದ್ಧದ ಪಾಠ ಮಾಡುವಾಗ ನಾವು ರಾಜರು, ಒಪ್ಪಂದಗಳು, ಇಸವಿಗಳು ಎಂದು ಹೇಳಿ ಮುಗಿಸಿಬಿಡುತ್ತೇವೆ. ವಿಮಾನದ ಮಾತು ಬಂದರೆ ಹಾರಿಸಿದವನ ಹೆಸರು ಮಾತ್ರ. ಕೆಳಗೆ ನಿಂತು ಎಂಜಿನ್ ಬಿಚ್ಚಿ ಕಟ್ಟಿದವನನ್ನು ಯಾರು ಕೇಳುತ್ತಾರೆ? ಅದಕ್ಕೇ ಈ ಸಲ ಜೇಮ್ಸ್ ಮೆಕಡನ್‌ನ ವಿಷಯ ಬರೆಯೋಣ ಎನಿಸಿತು.

ಈತ ಹುಟ್ಟಿದ್ದು 1895ರಲ್ಲಿ, ಇಂಗ್ಲೆಂಡಿನ ಜಿಲ್ಲಿಂಗಮ್ ಊರಿನಲ್ಲಿ. ತಂದೆ ಸೈನ್ಯದ ಎಂಜಿನಿಯರ್ ದಳದವರು. ಮಗನೂ 15ನೇ ವಯಸ್ಸಿಗೆ ಅದೇ ದಳದಲ್ಲಿ ಕಹಳೆ ಊದುವ ಹುಡುಗನಾದ. ಅಣ್ಣ ವಿಲಿಯಂ ವಾಯುದಳದಲ್ಲಿದ್ದ. 1913ರಲ್ಲಿ ತಮ್ಮನೂ ಎರಡನೇ ದರ್ಜೆಯ ಮೆಕ್ಯಾನಿಕ್ ಆಗಿ ಅಲ್ಲಿಗೇ ಹೋದ. ಶುರುವಿನಲ್ಲೇ ಒಂದು ಎಡವಟ್ಟು! ಎಂಜಿನ್ ಚಾಲೂ ಮಾಡಲು ಹೋದಾಗ ವಿಮಾನ ಪೈಲಟ್ ಇಲ್ಲದೆಯೇ ಓಡಿ ಇನ್ನೊಂದು ವಿಮಾನಕ್ಕೆ ಗುದ್ದಿತು. ಕೆಲವು ದಿನ ಬಂಧನದ ಶಿಕ್ಷೆಯೂ ಆಯಿತು.

1914ರ ಆಗಸ್ಟಿನಲ್ಲಿ 3ನೇ ಸ್ಕ್ವಾಡ್ರನ್ ಜೊತೆ ಫ್ರಾನ್ಸಿಗೆ ಹೋದ. ಎಂಜಿನ್ ನೋಡಿಕೊಳ್ಳುವುದು ಅವನ ಕೆಲಸ. ಆಗಿನ ಎಂಜಿನ್‌ಗಳು ಹಾರಾಟದ ನಡುವೆಯೇ ನಿಂತುಹೋಗುವುದು ಮಾಮೂಲು, ಹಾಗಾಗಿ ಪೈಲಟ್ಟಿನ ಜೀವ ಮೆಕ್ಯಾನಿಕ್ಕಿನ ಕೈಯಲ್ಲಿರುತ್ತಿತ್ತು. ಮುಂದೆ ವೀಕ್ಷಕನಾಗಿ ಹಾರಿ, 1916ರಲ್ಲಿ ತಾನೇ ಪೈಲಟ್ ಆದ.

ಪೈಲಟ್ ಆದರೂ ಹಳೆಯ ಕಸುಬು ಬಿಡಲಿಲ್ಲ. ನಮ್ಮೂರ ಗ್ಯಾರೇಜಿನವರು ಸದ್ದು ಕೇಳಿಯೇ ಜೀಪಿನ ರೋಗ ಹೇಳುವುದಿಲ್ಲವೇ, ಹಾಗೆ. 1917ರಲ್ಲಿ 56ನೇ ಸ್ಕ್ವಾಡ್ರನ್ ಸೇರಿದ ಮೇಲೆ ತನ್ನ ಎಸ್.ಇ.5ಎ ವಿಮಾನದ ಎಂಜಿನ್ನಿಗೆ ಹೆಚ್ಚು ಒತ್ತಡ ಕೊಡುವ ಪಿಸ್ಟನ್ ಹಾಕಿಸಿದ. ಜರ್ಮನರ ರುಂಪ್ಲರ್ ವಿಮಾನಗಳು ಯಾರೂ ಮುಟ್ಟಲಾರದಷ್ಟು ಎತ್ತರದಲ್ಲಿ ಫೋಟೋ ತೆಗೆಯುತ್ತಿದ್ದವು. ಈತ 20,000 ಅಡಿಯವರೆಗೂ ಏರಿ ಅವುಗಳ ಬೆನ್ನು ಹತ್ತಿದ. ಅವನ ಲೆಕ್ಕದಲ್ಲಿ ಒಟ್ಟು 57 ಗೆಲುವುಗಳಿವೆ. ಅದರಲ್ಲಿ ಅರ್ಧ ಪಾಲು ಸ್ಪ್ಯಾನರಿನದು ಎಂದು ನಮ್ಮ ಅಭಿಪ್ರಾಯ.

ಇನ್ನು ಮನೆಯ ಕಡೆ ನೋಡಿ. 1915ರ ಮೇ ತಿಂಗಳಲ್ಲಿ ಅಣ್ಣ ವಿಲಿಯಂ ವಿಮಾನ ಅಪಘಾತದಲ್ಲಿ ತೀರಿಕೊಂಡ. ಅದೇ ತಿಂಗಳ ಕೊನೆಗೆ ಪ್ರಿನ್ಸೆಸ್ ಐರೀನ್ ಹಡಗು ಸ್ಫೋಟಗೊಂಡು ಸೋದರಿ ಮೇರಿಯ ಗಂಡ ಸತ್ತ. 1918ರ ಮಾರ್ಚ್ 18ರಂದು ತಮ್ಮ ಆಂಟನಿ ಯುದ್ಧದಲ್ಲಿ ಬಿದ್ದ. ಅವನೂ ಪೈಲಟ್ಟೇ. ಮೂರು ವಾರವೂ ಕಳೆದಿರಲಿಲ್ಲ, ಏಪ್ರಿಲ್ 6ರಂದು ದೊರೆ ಐದನೇ ಜಾರ್ಜ್ ಜೇಮ್ಸ್‌ಗೆ ವಿಕ್ಟೋರಿಯಾ ಕ್ರಾಸ್ ಕೊಟ್ಟರು. ಆ ತಾಯಿ ಪದಕ ನೋಡಿ ನಗಬೇಕೋ, ಅಳಬೇಕೋ?

ಜುಲೈ 9ರಂದು ಜೇಮ್ಸ್ 60ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥನಾಗಿ ಅಧಿಕಾರ ವಹಿಸಿಕೊಳ್ಳಲು ಹೊರಟಿದ್ದ. ದಾರಿ ಕೇಳಲು ಫ್ರಾನ್ಸಿನ ಓಕ್ಸಿ ಲ ಶಾತೊದಲ್ಲಿ ಇಳಿದು, ಮತ್ತೆ ಮೇಲೇರಿದ ಸ್ವಲ್ಪ ಹೊತ್ತಿಗೇ ವಿಮಾನ ಮರಗಳ ನಡುವೆ ಬಿತ್ತು. ಎಂಜಿನ್ ಕೈಕೊಟ್ಟಿತೆಂದೇ ಬಹಳ ಜನ ಹೇಳುತ್ತಾರೆ. ವಯಸ್ಸು 23. ಅವನು ಬರೆದ ವಾಯುದಳದ ನೆನಪುಗಳ ಪುಸ್ತಕ ಅಚ್ಚಾಗಿ ಬಂದದ್ದು ಸತ್ತ ಮೇಲೆ.

ತಂದೆಯೂ 1920ರಲ್ಲಿ ರೈಲ್ವೆ ಅಪಘಾತದಲ್ಲಿ ಹೋದರು. ಜೇಮ್ಸ್‌ನ ಸಮಾಧಿ ಫ್ರಾನ್ಸಿನ ವಾವಾಂ ಎಂಬ ಹಳ್ಳಿಯ ಚಿಕ್ಕ ಸೈನಿಕ ಸ್ಮಶಾನದಲ್ಲಿದೆ.