ಚಿಲುಮೆ ಮತ್ತು ಗುಡುಗುಡಿ ತಂಬಾಕು

ಚಿಲುಮೆ ಮತ್ತು ಗುಡುಗುಡಿ ತಂಬಾಕು ಎಂದರೆ ಮಣ್ಣಿನ ಕೊಳವೆಯಾದ ಚಿಲುಮೆಯಲ್ಲಿ ಅಥವಾ ನೀರಿನ ಪಾತ್ರೆಯುಳ್ಳ ಗುಡುಗುಡಿಯಲ್ಲಿ (ಹುಕ್ಕಾ) ಸೇದಲು ಸಿದ್ಧಪಡಿಸಿದ ಹೊಗೆಸೊಪ್ಪು ಹಾಗೂ ಅದರ ಮಿಶ್ರಣಗಳು. ಭಾರತದಲ್ಲಿ ತಂಬಾಕಿನ ಕೊಳವೆಯ ಕುರಿತ ಪ್ರಸಿದ್ಧ ಆರಂಭಿಕ ದಾಖಲೆಯೊಂದು ಇಂದಿನ ಕರ್ನಾಟಕದ ವಿಜಯಪುರಕ್ಕೆ ಸಂಬಂಧಿಸಿದೆ. ಪಾಶ್ಚಾತ್ಯ ಪೈಪ್ ತಂಬಾಕಿನ ಮಿಶ್ರಣಗಳಂತೆ ಚಿಲುಮೆಯ ತಂಬಾಕಿಗೆ ಪ್ರತ್ಯೇಕ ಹೆಸರು, ದರ್ಜೆಗಳು ಬೆಳೆದುಬರಲಿಲ್ಲ. ಅದು ಮುಖ್ಯವಾಗಿ ರೈತರು, ಕುರಿಗಾಹಿಗಳು ಮತ್ತು ಸಾಧುಗಳ ಬಳಕೆಯಲ್ಲಿ ಉಳಿಯಿತು.

ಹೆಸರು

ಕನ್ನಡದಲ್ಲಿ 'ಚಿಲುಮೆ' ಪದಕ್ಕೆ ನೀರಿನ ಬುಗ್ಗೆ ಎಂಬ ಅರ್ಥವೂ ಇದೆ. ತುಮಕೂರಿನ ಬಳಿಯ ನಾಮದ ಚಿಲುಮೆಯ ಹೆಸರಿನಲ್ಲಿರುವುದು ಆ ಅರ್ಥ. ಹೊಗೆ ಸೇದುವ ಸಾಧನವನ್ನು ಸೂಚಿಸುವ ಚಿಲುಮೆ ಅಥವಾ ಚಿಲುಮಿ ಎಂಬುದು ಪಾರಸಿ ಮೂಲದ 'ಚಿಲಮ್' ಪದದಿಂದ ಬಂದಿದೆ. ಸೇದುವಾಗ ನೀರಿನಲ್ಲಿ ಏಳುವ ಸದ್ದನ್ನು ಅನುಕರಿಸಿ 'ಗುಡುಗುಡಿ' ಅಥವಾ 'ಗುಡಗುಡಿ' ಎಂಬ ಹೆಸರು ಹುಟ್ಟಿದೆ. ಸೇದುವ ಕೊಳವೆಗೆ ಕನ್ನಡದಲ್ಲಿ 'ಚುಂಗಾಣಿ' ಎಂಬ ಪದವೂ ಇದೆ.

ಇತಿಹಾಸ

ಅಮೆರಿಕ ಖಂಡದ ಬೆಳೆಯಾದ ತಂಬಾಕು ಪೋರ್ಚುಗೀಸರ ವ್ಯಾಪಾರದ ಮೂಲಕ ಭಾರತದ ಪಶ್ಚಿಮ ಕರಾವಳಿಯನ್ನು ತಲುಪಿ, ಅಲ್ಲಿಂದ ದಖ್ಖನಿಗೆ ಹರಡಿತು. ಮೊಗಲ್ ಚಕ್ರವರ್ತಿ ಅಕ್ಬರನ ರಾಯಭಾರಿ ಅಸದ್ ಬೇಗ್ 17ನೆಯ ಶತಮಾನದ ಆರಂಭದಲ್ಲಿ ಎರಡನೆಯ ಇಬ್ರಾಹಿಂ ಆದಿಲ್ ಷಾನ (ಆಳ್ವಿಕೆ 1580–1627) ಬಿಜಾಪುರಕ್ಕೆ ಬಂದಿದ್ದನು. ಉತ್ತರದಲ್ಲಿ ತಾನು ಕಂಡಿರದ ತಂಬಾಕನ್ನು ಅಲ್ಲಿ ಕಂಡು, ಅದನ್ನೂ ರತ್ನಖಚಿತವಾದ ಒಂದು ಕೊಳವೆಯನ್ನೂ ಆಗ್ರಾಕ್ಕೆ ಒಯ್ದು ಅಕ್ಬರನಿಗೆ ಒಪ್ಪಿಸಿದ ಸಂಗತಿಯನ್ನು ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. ಅಕ್ಬರನು ಕುತೂಹಲಕ್ಕೆ ಕೆಲವು ಬಾರಿ ಸೇದಿದನು. ಆಸ್ಥಾನದ ವೈದ್ಯನು ಅದನ್ನು ವಿರೋಧಿಸಿದನು. ಅಕ್ಬರನು ಅಭ್ಯಾಸ ಮಾಡಿಕೊಳ್ಳದಿದ್ದರೂ ಸರದಾರರಲ್ಲಿ ಬೇಡಿಕೆ ಹೆಚ್ಚಿ, ವರ್ತಕರು ತಂಬಾಕನ್ನು ಮಾರತೊಡಗಿದರು. 1617ರಲ್ಲಿ ಜಹಾಂಗೀರನು ತಂಬಾಕು ಸೇವನೆಯನ್ನು ನಿಷೇಧಿಸಿದನಾದರೂ ಅದು ನಿಲ್ಲಲಿಲ್ಲ.

ನೀರಿನ ಮೂಲಕ ಹೊಗೆ ಹಾಯಿಸುವ ವಿಧಾನವನ್ನು ಹಕೀಮ್ ಅಬುಲ್ ಫತ್ ಗಿಲಾನಿ ಕಂಡುಹಿಡಿದನೆಂಬ ಪ್ರತೀತಿ ಇದೆ. ಆದರೆ ಆತ ತೀರಿಕೊಂಡದ್ದು 1589ರಲ್ಲಿ, ಅಂದರೆ ಅಸದ್ ಬೇಗನು ಆಗ್ರಾಕ್ಕೆ ತಂಬಾಕನ್ನು ಒಯ್ಯುವ ಮೊದಲೇ.

ದಖ್ಖನಿನ ಶ್ರೀಮಂತರಿಗಾಗಿ ಬೀದರಿನ ಕುಶಲಕರ್ಮಿಗಳು ಹುಕ್ಕಾದ ತಳಪಾತ್ರೆಗಳನ್ನು ತಯಾರಿಸುತ್ತಿದ್ದರು. ಸತು ಮತ್ತು ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಕುಸುರಿ ಕೂರಿಸಿ, ಬೀದರ ಕೋಟೆಯ ಮಣ್ಣನ್ನು ಬಳಸಿ ಲೋಹವನ್ನು ಕಪ್ಪಾಗಿಸುವ ಈ ಕಲೆಯೇ ಬಿದರಿ. ಇಂಥ ಪಾತ್ರೆಗಳು ಇಂದು ಹಲವು ದೇಶಗಳ ವಸ್ತುಸಂಗ್ರಹಾಲಯಗಳಲ್ಲಿವೆ.

ಸಾಧನ ಮತ್ತು ಬಳಕೆ

ಚಿಲುಮೆಯು ಮೇಲೆ ಅಗಲವಾಗಿ ಕೆಳಗೆ ಕಿರಿದಾದ, ಸುಟ್ಟ ಮಣ್ಣಿನ ಕೊಳವೆ. ತಂಬಾಕು ಬಾಯಿಗೆ ಬಾರದಂತೆ ಒಳಗೆ ಒಂದು ಸಣ್ಣ ಕಲ್ಲನ್ನು ಇಟ್ಟು, ಅದರ ಮೇಲೆ ಅಂಗೈಯಲ್ಲಿ ತಿಕ್ಕಿ ಪುಡಿಮಾಡಿದ ಎಲೆಯನ್ನು ತುಂಬಿ, ಕೆಂಡವನ್ನು ಇಡಲಾಗುತ್ತದೆ. ಕಿರಿದಾದ ತುದಿಗೆ ಒದ್ದೆ ಬಟ್ಟೆ ಸುತ್ತಿ, ಎರಡೂ ಕೈಗಳಲ್ಲಿ ಹಿಡಿದು ಸೇದುವುದು ರೂಢಿ. ಬಯಲುಸೀಮೆಯ ಹಳ್ಳಿಗಳಲ್ಲಿ ತಂಬಾಕು, ಚಕಮಕಿ ಕಲ್ಲು ಮತ್ತು ಬೆಂಕಿ ಹಿಡಿಯುವ ಅರಳೆಯನ್ನು ಬಟ್ಟೆಯ ಚಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಗುಡುಗುಡಿಯಲ್ಲಿ ಚಿಲುಮೆಯನ್ನು ನೀರಿನ ಪಾತ್ರೆಯ ಮೇಲೆ ಕೂರಿಸಿ, ಬೇರೆ ಕೊಳವೆಯಿಂದ ಹೊಗೆಯನ್ನು ಎಳೆಯಲಾಗುತ್ತದೆ.

ಮಿಶ್ರಣಗಳು

ಚಿಲುಮೆಗೆ ಸಾಮಾನ್ಯವಾಗಿ ಬಿಸಿಲಿನಲ್ಲಿ ಒಣಗಿಸಿದ ಖಾರವಾದ ಎಲೆಯನ್ನೇ ಬಳಸುತ್ತಾರೆ. ಗುಡುಗುಡಿಗೆ ಎಲೆಯನ್ನು ಕುಟ್ಟಿ ಬೆಲ್ಲ ಅಥವಾ ಕಾಕಂಬಿಯೊಂದಿಗೆ ಕಲಸಿದ 'ಗುಡಾಕು' ಬಳಕೆಯಲ್ಲಿತ್ತು. ಗುಡ (ಬೆಲ್ಲ) ಮತ್ತು ತಮಾಕು ಸೇರಿ ಈ ಹೆಸರು ಬಂದಿದೆ. ಹಣ್ಣು, ಸಾಂಬಾರ ಪದಾರ್ಥಗಳನ್ನು ಸೇರಿಸಿ ಹುಳಿಬರಿಸಿದ್ದು 'ಖಮೀರ'. ಸಿಹಿಯ ಅಂಶವು ತಂಬಾಕನ್ನು ತೇವವಾಗಿರಿಸಿ ನಿಧಾನವಾಗಿ ಉರಿಯುವಂತೆ ಮಾಡುತ್ತದೆ.

ಪಾಶ್ಚಾತ್ಯ ಪೈಪ್ ಮಿಶ್ರಣಗಳಲ್ಲಿಯೂ ಇದೇ ತತ್ತ್ವ ಕಾಣುತ್ತದೆ. ಕ್ಯಾವೆಂಡಿಶ್ ತಯಾರಿಕೆಯಲ್ಲಿ ಸಿಹಿ, ಶಾಖ ಮತ್ತು ಒತ್ತಡಗಳನ್ನು ಬಳಸುತ್ತಾರೆ. ಅಮೆರಿಕದ ಲೂಯಿಸಿಯಾನದ ಪೆರೀಕ್ ಎಲೆಯನ್ನು ಪೀಪಾಯಿಯಲ್ಲಿ ಒತ್ತಿ ಹುಳಿಬರಿಸಲಾಗುತ್ತದೆ. ಸಿರಿಯಾ ಮತ್ತು ಸೈಪ್ರಸ್‌ನ ಲಟಾಕಿಯಾ ಎಲೆಗೆ ಕಟ್ಟಿಗೆಯ ಹೊಗೆ ಕೊಡುತ್ತಾರೆ. ಈ ಮೂರೂ ವ್ಯಾಪಾರದಲ್ಲಿ ಹೆಸರು ಪಡೆದಿವೆ. ಗುಡಾಕು, ಖಮೀರಗಳು ಸ್ಥಳೀಯ ಬಳಕೆಗೆ ಸೀಮಿತವಾದವು.

ಬೆಳೆ ಮತ್ತು ಮಾರುಕಟ್ಟೆ

ಕರ್ನಾಟಕದ ತಂಬಾಕು ಕೃಷಿಯು ಮುಖ್ಯವಾಗಿ ಸಿಗರೇಟು ಮತ್ತು ಬೀಡಿ ಉದ್ಯಮಗಳನ್ನು ಅವಲಂಬಿಸಿದೆ. ಹುಣಸೂರು, ಪಿರಿಯಾಪಟ್ಟಣ ಭಾಗದ ಕೆಂಪು ಮಣ್ಣಿನಲ್ಲಿ ಮಳೆಯಾಶ್ರಿತವಾಗಿ ಬೆಳೆದ ವರ್ಜೀನಿಯಾ ಎಲೆಯನ್ನು ಬ್ಯಾರನ್‌ಗಳಲ್ಲಿ ಶಾಖದಿಂದ ಹದಗೊಳಿಸಲಾಗುತ್ತದೆ. ತಂಬಾಕು ಮಂಡಳಿಯು 1976ರ ಜನವರಿ 1ರಂದು ಸ್ಥಾಪನೆಯಾಯಿತು. ರಾಜ್ಯದಲ್ಲಿ ಅದರ ಹರಾಜು ವ್ಯವಸ್ಥೆ 1984ರಲ್ಲಿ ಆರಂಭವಾಯಿತು. ಬೆಳಗಾವಿ ಜಿಲ್ಲೆಯ ನಿಪ್ಪಾಣಿಯು ಬೀಡಿ ತಂಬಾಕಿನ ಪ್ರಮುಖ ಕೇಂದ್ರ. ಅಲ್ಲಿ ನ್ಯಾಯಯುತ ಬೆಲೆಗಾಗಿ ಶರದ್ ಜೋಶಿಯವರ ನಾಯಕತ್ವದಲ್ಲಿ ನಡೆದ ಚಳವಳಿಯ ಮೇಲೆ 1981ರ ಏಪ್ರಿಲ್‌ನಲ್ಲಿ ಗೋಲಿಬಾರ್ ನಡೆದು ಹಲವು ರೈತರು ಮೃತಪಟ್ಟರು. ಹಚ್ಚಿಕೊಂಡು ಸೇದಲು ಸಿದ್ಧವಾದ ಬೀಡಿ ಮತ್ತು ಸಿಗರೇಟುಗಳು ಕೈಗೆ ಸುಲಭವಾಗಿ ಸಿಗತೊಡಗಿದಂತೆ, ಕೆಂಡ ಮತ್ತು ಬಿಡುವು ಬೇಡುವ ಚಿಲುಮೆಯ ಬಳಕೆ ಕುಗ್ಗಿತು.

ಸಮಾಜ ಮತ್ತು ಸಾಹಿತ್ಯ

ಚಿಲುಮೆಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿ ಸೇದುವುದು ವಾಡಿಕೆ. ಆದ್ದರಿಂದ ಅದು ಕಟ್ಟೆಯ ಮಾತುಕತೆಯ ಭಾಗವಾಗಿತ್ತು. ಯಾರೊಡನೆ ಹಂಚಿಕೊಳ್ಳಬಹುದು ಎಂಬುದರಲ್ಲಿ ಜಾತಿಯ ಕಟ್ಟುಪಾಡುಗಳೂ ಇದ್ದವು.

ಇಂದಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದ ಸಂತಕವಿ ಶಿಶುನಾಳ ಶರೀಫರು (1819–1889) ತಮ್ಮ ತತ್ತ್ವಪದವೊಂದರಲ್ಲಿ ಗುಡುಗುಡಿಯನ್ನೇ ರೂಪಕವಾಗಿಸಿದ್ದಾರೆ. ಅಲ್ಲಿ ಮನಸ್ಸು ಚಂಚಿಯಾಗುತ್ತದೆ. ಮೋಹವು ಕೊಚ್ಚಿ ಸುಡಬೇಕಾದ ಸೊಪ್ಪಾಗುತ್ತದೆ. ದಿನನಿತ್ಯದ ವಸ್ತುವಿನ ಮೂಲಕ ಸಾಧನೆಯ ಹಾದಿಯನ್ನು ಹೇಳುವ ಈ ಪದವು ಚಟವನ್ನು ಹೊಗಳುವಂಥದ್ದಲ್ಲ.

ಕೆಲವು ಸಾಧುಪಂಥಗಳಲ್ಲಿ ಚಿಲುಮೆಯನ್ನು ಗಾಂಜಾ ಸೇದಲು ಬಳಸುವುದುಂಟು. ಅದು ತಂಬಾಕಿನಿಂದ ಭಿನ್ನವಾದ ವಸ್ತುವಾಗಿದ್ದು, 1985ರ ಮಾದಕ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ.

ಆರೋಗ್ಯ ಮತ್ತು ಕಾನೂನು

ನೀರು ಹೊಗೆಯನ್ನು ಶುದ್ಧಗೊಳಿಸುತ್ತದೆ ಎಂಬ ನಂಬಿಕೆ ತಪ್ಪು. ನೀರು ಹೊಗೆಯನ್ನು ತಂಪಾಗಿಸುತ್ತದೆಯೇ ಹೊರತು, ನಿಕೋಟಿನ್ ಮತ್ತು ಕ್ಯಾನ್ಸರ್‌ಕಾರಕ ವಸ್ತುಗಳು ಅದರಲ್ಲಿ ಉಳಿಯುತ್ತವೆ. ಹೊಗೆ ತಂಪಾಗಿರುವುದರಿಂದ ಹೆಚ್ಚು ಆಳವಾಗಿ, ಹೆಚ್ಚು ಹೊತ್ತು ಸೇದುವ ಸಾಧ್ಯತೆಯಿದೆ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಸೇರುತ್ತದೆ. ಒಂದೇ ಕೊಳವೆಯನ್ನು ಹಂಚಿಕೊಳ್ಳುವುದರಿಂದ ಸೋಂಕು ಹರಡುವ ಅಪಾಯವೂ ಇದೆ. 2016–17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಮಂದಿ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು.

2003ರ ಕೇಂದ್ರ ತಂಬಾಕು ನಿಯಂತ್ರಣ ಕಾಯ್ದೆಯು ಚಿಲುಮೆ, ಹುಕ್ಕಾ ತಂಬಾಕುಗಳಿಗೂ ಅನ್ವಯಿಸುತ್ತದೆ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ರಾಜ್ಯದಾದ್ಯಂತ ಹುಕ್ಕಾ ಉತ್ಪನ್ನಗಳ ಮಾರಾಟ ಮತ್ತು ಸೇವನೆಯನ್ನು ನಿಷೇಧಿಸಿತು. ಈ ಕ್ರಮದ ಹಿಂದಿದ್ದುದು ಮುಖ್ಯವಾಗಿ ನಗರಗಳ ಹುಕ್ಕಾ ಬಾರ್‌ಗಳು ಮತ್ತು ಅವುಗಳಿಗೆ ಆಕರ್ಷಿತರಾಗುತ್ತಿದ್ದ ಯುವಜನರ ಕುರಿತ ಕಳವಳ.