ಬಂದರಿನಿಂದ ಬಲ್ಮಠಕ್ಕೆ: ಮಂಗಳೂರಿನ ಸಭಾಚರಿತ್ರೆಯನ್ನು ನಡೆದು ಓದುವುದು

ಸಭಾಚರಿತ್ರೆಯನ್ನು ನಾವು ಸಾಮಾನ್ಯವಾಗಿ ತರಗತಿಯಲ್ಲಿ ಕುಳಿತು ಓದುತ್ತೇವೆ. ಇಸವಿಗಳನ್ನು ಬರೆದುಕೊಳ್ಳುತ್ತೇವೆ, ಸ್ಥಾಪಕರ ಹೆಸರುಗಳನ್ನು ಬಾಯಿಪಾಠ ಮಾಡುತ್ತೇವೆ, ಪರೀಕ್ಷೆ ಮುಗಿದ ಮೇಲೆ ಅವುಗಳಲ್ಲಿ ಬಹುಪಾಲನ್ನು ಮರೆಯುತ್ತೇವೆ. ಮಂಗಳೂರಿನಲ್ಲಿ ವ್ಯಾಸಂಗ ಮಾಡುವವರಿಗೆ ಇನ್ನೊಂದು ಸೌಕರ್ಯವುಂಟು. ಇಲ್ಲಿಯ ಸಭೆಗಳ ಚರಿತ್ರೆಯ ಮುಖ್ಯ ಸ್ಥಳಗಳನ್ನು ಒಂದು ಬೆಳಗಿನ ಹೊತ್ತಿನಲ್ಲಿ ನಡೆದೇ ನೋಡಿಬರಬಹುದು. ಪ್ರತಿವರ್ಷವೂ ಹೊಸ ವಿದ್ಯಾರ್ಥಿಗಳನ್ನು ಕರೆದುಕೊಂಡು ಇಂಥ ನಡಿಗೆಯೊಂದನ್ನು ನಡೆಸುವುದು ನನ್ನ ಪಾಲಿಗೆ ಬಂದಿದೆ.

ಮೊದಮೊದಲು ನಾನು ಅದನ್ನು ಬಲ್ಮಠದ ಗುಡ್ಡದ ಮೇಲೆಯೇ ಆರಂಭಿಸುತ್ತಿದ್ದೆ. ಸಾಮ್ಯುಯೆಲ್ ಹೆಬಿಕ್, ಯೋಹಾನ್ ಕ್ರಿಸ್ಟೋಫ್ ಲೇನರ್, ಕ್ರಿಸ್ಟಿಯನ್ ಲಿಯೊನಾರ್ಡ್ ಗ್ರೈನರ್ ಎಂಬ ಮೂವರು ಬಾಸೆಲ್ ಮಿಷನರಿಗಳು 1834ರ ಅಕ್ಟೋಬರ್ 30ರಂದು ಮಂಗಳೂರನ್ನು ತಲುಪಿದರು ಎಂಬ ವಾಕ್ಯದಿಂದ ನನ್ನ ವಿವರಣೆ ತೊಡಗುತ್ತಿತ್ತು. ಒಂದು ವರ್ಷ ಹಿಂದಿನ ಸಾಲಿನಲ್ಲಿ ನಿಂತಿದ್ದ ವಿದ್ಯಾರ್ಥಿಯೊಬ್ಬನು, "ಅಯ್ಯನವರೇ, ಅವರಿಗೆ ಈ ಊರಿನಲ್ಲಿ ಜಾಗ ಕೊಟ್ಟವರು ಯಾರು?" ಎಂದು ಕೇಳಿದನು. ಆಗಿನ ಕಂಪೆನಿ ಸರಕಾರದ ಅಧಿಕಾರಿಗಳ ಸಹಾಯವನ್ನು ಕುರಿತು ನಾನು ಏನೋ ಹೇಳಿದೆ. ಆದರೆ ಆ ಉತ್ತರ ನನಗೇ ಸಾಲದೆಂದು ತೋರಿತು. ಅಂದಿನಿಂದ ನಡಿಗೆಯ ದಿಕ್ಕನ್ನು ತಿರುಗಿಸಿದ್ದೇನೆ. ಈಗ ನಾವು ಬಂದರಿನಲ್ಲಿ ಆರಂಭಿಸಿ ಬಲ್ಮಠದಲ್ಲಿ ಮುಗಿಸುತ್ತೇವೆ. ಪ್ರತಿಯೊಂದು ನಿಲುಗಡೆಯಲ್ಲೂ ಆ ವಿದ್ಯಾರ್ಥಿಯ ಪ್ರಶ್ನೆಯನ್ನೇ ಕೇಳಿಕೊಳ್ಳುತ್ತೇವೆ.

ಗುರುಪುರ ನದಿಯ ದಡದಲ್ಲಿರುವ ಹಳೆಯ ಬಂದರು ಬೆಳಗಿನ ಹೊತ್ತಿನಲ್ಲಿ ಗದ್ದಲದಿಂದ ಕೂಡಿರುತ್ತದೆ. ದೊಡ್ಡ ಹಡಗುಗಳೆಲ್ಲ 1970ರ ದಶಕದಿಂದ ಪಣಂಬೂರಿನ ಹೊಸ ಬಂದರಿಗೆ ಹೋಗುತ್ತವೆ. ಆದರೂ ಧಕ್ಕೆಯಲ್ಲಿ ಮೀನಿನ ದೋಣಿಗಳಿವೆ, ಲಕ್ಷದ್ವೀಪಕ್ಕೆ ಸರಕು ಒಯ್ಯುವ ಮಂಜಿಗಳಿವೆ, ಹಂಚು ಹೊದಿಸಿದ ಹಳೆಯ ಗೋದಾಮುಗಳ ಸಾಲಿದೆ. ಇಲ್ಲಿ ನಿಂತು ನಾವು ಅಪೊಸ್ತಲರ ಕೃತ್ಯಗಳ 21ನೆಯ ಅಧ್ಯಾಯದ ಮೊದಲ ಭಾಗವನ್ನು ಓದುತ್ತೇವೆ. ಪೌಲನು ತೂರ್ ಪಟ್ಟಣದಲ್ಲಿ ಇಳಿದುದು ಅಲ್ಲಿ ಹಡಗಿನ ಸರಕನ್ನು ಇಳಿಸಬೇಕಾಗಿದ್ದುದರಿಂದ. ಆ ಬಿಡುವಿನಲ್ಲಿ ಅವನು ಶಿಷ್ಯರನ್ನು ಕಂಡುಕೊಂಡು ಅವರಲ್ಲಿ ಏಳು ದಿನ ತಂಗಿದನು. ಹೊರಡುವಾಗ ಅವರು ಹೆಂಡಿರು ಮಕ್ಕಳೊಡನೆ ಬಂದು ಸಮುದ್ರತೀರದಲ್ಲಿ ಮೊಣಕಾಲೂರಿದರು. ಸುವಾರ್ತೆಯು ಸರಕಿನ ಹಡಗಿನಲ್ಲಿ ಪ್ರಯಾಣ ಮಾಡಿತೆಂಬುದನ್ನು ಲೂಕನು ಸಂಕೋಚವಿಲ್ಲದೆ ಬರೆದಿದ್ದಾನೆ. ನಾವೂ ಸಂಕೋಚಪಡಬೇಕಾಗಿಲ್ಲ.

ಮಂಗಳೂರಿಗೆ ಪರದೇಶಿಗಳು ಬಂದುದು ಕ್ರೈಸ್ತ ಮಿಷನರಿಗಳಿಂದ ಮೊದಲಾಗಲಿಲ್ಲ. 12ನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದಿ ವರ್ತಕನು ಹಲವು ವರ್ಷ ಇಲ್ಲಿ ನೆಲೆಸಿ ಮೆಣಸಿನ ವ್ಯಾಪಾರ ಮಾಡಿದನು, ಕಂಚಿನ ಪಾತ್ರೆಗಳ ಕಾರ್ಖಾನೆಯೊಂದನ್ನು ನಡೆಸಿದನು. ಅವನ ಪತ್ರಗಳು ಕೈರೋ ನಗರದ ಸಭಾಮಂದಿರವೊಂದರ ಹಳೆಯ ಕಾಗದಗಳ ರಾಶಿಯಲ್ಲಿ ಉಳಿದುಬಂದಿವೆ. ಆಶು ಎಂಬ ತುಳುನಾಡಿನ ದಾಸಿಯನ್ನು ಅವನು 1132ರಲ್ಲಿ ಬಿಡುಗಡೆ ಮಾಡಿದ ಪತ್ರವೂ ಅವುಗಳಲ್ಲಿದೆ. ಅವನ ವ್ಯವಹಾರವನ್ನು ನೋಡಿಕೊಂಡು ಸಮುದ್ರದಾಚೆಗೂ ಹೋಗಿಬರುತ್ತಿದ್ದ ಬೊಮ್ಮ ಎಂಬ ಸೇವಕನ ಹೆಸರೂ ಇದೆ. ಈ ಊರಿನ ಸಾಮಾನ್ಯರ ಹೆಸರುಗಳು ಅಷ್ಟು ಹಿಂದಿನ ಕಾಲದಿಂದ ನಮಗೆ ದೊರೆಯುವುದೇ ಅಪೂರ್ವ. ಅವು ದೊರೆತುದು ಒಬ್ಬ ಅತಿಥಿಯ ಕಾಗದಗಳಲ್ಲಿ.

ಬಂದರಿನ ಝೀನತ್ ಬಕ್ಷ್ ಮಸೀದಿಯು 7ನೆಯ ಶತಮಾನದಲ್ಲಿ ಅರಬ್ ವರ್ತಕರೊಡನೆ ಬಂದ ಮಾಲಿಕ್ ದೀನಾರ್ ಪರಂಪರೆಗೆ ಸೇರಿದುದೆಂಬುದು ಅಲ್ಲಿಯ ನಂಬಿಕೆ. ಅದರ ತೇಗದ ಕೆತ್ತನೆಗಳು ಟಿಪ್ಪು ಸುಲ್ತಾನನ ಕಾಲದ ಜೀರ್ಣೋದ್ಧಾರವನ್ನು ನೆನಪಿಸುತ್ತವೆ. 14ನೆಯ ಶತಮಾನದಲ್ಲಿ ಈ ತೀರಕ್ಕೆ ಬಂದ ಇಬ್ನ್ ಬತೂತನು ಇಲ್ಲಿ ಸುಮಾರು 4,000 ಮುಸಲ್ಮಾನರಿದ್ದರೆಂದೂ, ಅವರಿಗೂ ಊರವರಿಗೂ ಆಗಾಗ ಜಗಳವಾಗುತ್ತಿತ್ತೆಂದೂ, ವರ್ತಕರು ಬೇಕಾಗಿದ್ದುದರಿಂದ ಅರಸನೇ ಸಂಧಿ ಮಾಡಿಸುತ್ತಿದ್ದನೆಂದೂ ಹೇಳಿದ್ದಾನೆ. ಆದುದರಿಂದ ಬಂದರಿನ ಆತಿಥ್ಯವನ್ನು ನಾವು ಅತಿಯಾಗಿ ಬಣ್ಣಿಸಬಾರದು. ಅದರಲ್ಲಿ ಔದಾರ್ಯವೂ ಇತ್ತು, ಲೆಕ್ಕಾಚಾರವೂ ಇತ್ತು. ಆದರೂ ಜಗಳವಾದಾಗ ಒಬ್ಬರನ್ನು ಓಡಿಸುವುದಕ್ಕಿಂತ ಇಬ್ಬರನ್ನೂ ಉಳಿಸಿಕೊಳ್ಳುವುದೇ ಲೇಸೆಂದು ಈ ಊರು ಬಹಳ ಹಿಂದೆಯೇ ಕಲಿತಿತ್ತು.

ಬಂದರಿನಿಂದ ದಕ್ಷಿಣಕ್ಕೆ ನಡೆದರೆ ರೊಸಾರಿಯೊ ಪ್ರಧಾನಾಲಯ ಸಿಗುತ್ತದೆ. ಈಗಿನ ಗುಮ್ಮಟದ ಕಟ್ಟಡ 20ನೆಯ ಶತಮಾನದ್ದು. ದೇವಾಲಯದ ಮೂಲವು 1568ಕ್ಕೆ ಹೋಗುತ್ತದೆ. ಆ ವರ್ಷ ಪೋರ್ಚುಗೀಸರು ಮಂಗಳೂರನ್ನು ಬಲದಿಂದ ಹಿಡಿದು ಕೋಟೆ ಕಟ್ಟಿದರು. ಜಪಮಾಲೆಯ ಮಾತೆಯ ದೇವಾಲಯವು ಆ ಕೋಟೆಯ ನೆರಳಿನಲ್ಲಿ ಬೆಳೆಯಿತು. ಪೋರ್ಚುಗಲ್ ದೊರೆಯ ಲಾಂಛನವನ್ನು ಕೆತ್ತಿದ ಕಲ್ಲೊಂದು ಇಂದಿಗೂ ಅಲ್ಲಿದೆ. ಜಾಗ ಕೊಟ್ಟವರು ಯಾರೆಂಬ ಪ್ರಶ್ನೆಗೆ ಇಲ್ಲಿಯ ಉತ್ತರ ಕಹಿಯಾದುದು: ಯಾರೂ ಕೊಡಲಿಲ್ಲ, ತೆಗೆದುಕೊಂಡರು. ನದಿಯ ಆಚೆಯ ಉಳ್ಳಾಲದಿಂದ ರಾಣಿ ಅಬ್ಬಕ್ಕ ಯಾರನ್ನು ಎದುರಿಸಿದಳೋ ಅವರ ಹಡಗುಗಳಲ್ಲಿಯೇ ಪಾದ್ರಿಗಳೂ ಬಂದರು. ಆ ದೇವಾಲಯದಲ್ಲಿ ನಾಲ್ಕು ಶತಮಾನಗಳಿಗೂ ಮೀರಿ ಪ್ರಾರ್ಥಿಸಿದ ಭಕ್ತಜನರ ವಿಶ್ವಾಸವನ್ನು ಈ ಮಾತು ಕುಂದಿಸುವುದಿಲ್ಲ. ಆದರೆ ಆ ಕಲ್ಲನ್ನು ನೋಡದೆ ಒಳಗೆ ಹೋಗಬಾರದೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ.

ಹಂಪನಕಟ್ಟೆಯ ಬಳಿಯ ಮಿಲಾಗ್ರಿಸ್ ದೇವಾಲಯದ ಕಥೆ ಬೇರೆ. ಗೋವೆಯ ಮೂಲದವರಾದ ಧರ್ಮಾಧ್ಯಕ್ಷ ತೋಮಸ್ ದೆ ಕಾಸ್ತ್ರೊ ಅವರು 1680ರಲ್ಲಿ ಅದನ್ನು ಸ್ಥಾಪಿಸಿದರು. 1684ರಲ್ಲಿ ತೀರಿಕೊಂಡ ಅವರ ಸಮಾಧಿ ಅಲ್ಲಿಯೇ ಇದೆ. ನಿವೇಶನವು ಬಂದುದು ಕೆಳದಿಯ ರಾಣಿ ಚೆನ್ನಮ್ಮನ ಕೊಡುಗೆಯಿಂದ. ವೀರಶೈವ ರಾಣಿಯೊಬ್ಬಳು ಕೊಟ್ಟ ನೆಲದಲ್ಲಿ ಮಾತೆ ಮರಿಯಮ್ಮನ ಹೆಸರಿನ ದೇವಾಲಯ ಎದ್ದಿತು. ರೊಸಾರಿಯೊದಿಂದ ಮಿಲಾಗ್ರಿಸ್‌ಗೆ ನಡೆಯಲು ಹೆಚ್ಚು ಹೊತ್ತು ಬೇಕಾಗಿಲ್ಲ. ಆದರೆ ಹಿಡಿದ ನೆಲಕ್ಕೂ ಪಡೆದ ನೆಲಕ್ಕೂ ಇರುವ ಅಂತರ ದೊಡ್ಡದು.

ಈ ಎರಡು ದೇವಾಲಯಗಳ ನಡುವೆ ನಾವು ಕೆಲವು ನಿಮಿಷ ಸುಮ್ಮನೆ ನಿಲ್ಲುತ್ತೇವೆ. 1784ರಲ್ಲಿ, ತಪಸ್ಸು ಕಾಲದ ಆರಂಭದಲ್ಲಿ ಎಂದು ಸಮುದಾಯದ ನೆನಪು ಹೇಳುತ್ತದೆ, ಕರಾವಳಿಯ ಕಥೋಲಿಕ ಕ್ರೈಸ್ತರನ್ನು ಟಿಪ್ಪು ಸುಲ್ತಾನನ ಆಜ್ಞೆಯಿಂದ ಹಿಡಿದು ಘಟ್ಟದ ಮೇಲೆ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಯುದ್ಧದಲ್ಲಿ ಇಂಗ್ಲಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಸೆರೆಯಾದವರ ಸಂಖ್ಯೆಯನ್ನು ಕೆಲವರು 30,000 ಎನ್ನುತ್ತಾರೆ, ಕೆಲವರು 80,000 ಎನ್ನುತ್ತಾರೆ. ದಾರಿಯಲ್ಲಿಯೂ ಸೆರೆಯಲ್ಲಿಯೂ ಅನೇಕರು ಸತ್ತರು, ದೇವಾಲಯಗಳು ನೆಲಸಮವಾದವು, ಉಳಿದವರು 1799ರ ನಂತರವೇ ಮರಳಿದರು. ಅದೂ ಒಂದು ನಡಿಗೆಯೇ. ನಮ್ಮ ಕೈಯಲ್ಲಿ ನೀರಿನ ಬಾಟಲಿಯೂ ಮಧ್ಯಾಹ್ನದ ಊಟದ ಭರವಸೆಯೂ ಇರುವಾಗ ಅದನ್ನು ನೆನೆಯಲು ನಾಚಿಕೆಯಾಗುತ್ತದೆ.

ಸಭಾಪಾಲಕರಾಗುವವರಿಗೆ ಈ ಸ್ಥಳದಲ್ಲಿ ಎರಡು ಶೋಧನೆಗಳು ಬರುತ್ತವೆ. ಸೌಹಾರ್ದಕ್ಕಾಗಿ ಈ ಸೆರೆಯ ಮಾತನ್ನೇ ಎತ್ತದಿರುವುದು ಒಂದು. ಅದನ್ನು ಎತ್ತಿ ಇಂದಿನ ನೆರೆಯವರ ಲೆಕ್ಕಕ್ಕೆ ಬರೆಯುವುದು ಇನ್ನೊಂದು. ಮೊದಲನೆಯದು ಸತ್ತವರಿಗೆ ಮಾಡುವ ಅನ್ಯಾಯ, ಎರಡನೆಯದು ಬದುಕಿರುವವರಿಗೆ ಮಾಡುವ ಅನ್ಯಾಯ. ಬೆಳಿಗ್ಗೆ ಮಸೀದಿಯ ಮುಂದೆ ನಿಂತವರೇ ಈಗ ಇಲ್ಲಿ ನಿಂತಿರುವುದರಿಂದ, ಒಬ್ಬನೇ ಅರಸನ ಕಾಲದ ಕೆತ್ತನೆಯನ್ನೂ ಕ್ರೌರ್ಯವನ್ನೂ ಒಂದೇ ದಿನ ಕಂಡಿರುವುದರಿಂದ, ಎರಡೂ ಶೋಧನೆಗಳನ್ನು ಗೆಲ್ಲುವುದು ಸ್ವಲ್ಪ ಸುಲಭವಾಗುತ್ತದೆ. ನಕ್ಷೆಯಲ್ಲಿ ನಾವು ಯಾವ ನಿಲುಗಡೆಯನ್ನೂ ಬಿಡಬಾರದು ಎಂಬುದಕ್ಕೆ ಇದೇ ಕಾರಣ.

ಕೊನೆಯ ಏರು ಬಲ್ಮಠಕ್ಕೆ. ಈಗ 1834ರ ಮೂವರು ಮಿಷನರಿಗಳು ನಮ್ಮ ಕಣ್ಣಿಗೆ ಬೇರೆಯಾಗಿಯೇ ಕಾಣುತ್ತಾರೆ: ಬಹಳ ತಡವಾಗಿ ಬಂದ ಅತಿಥಿಗಳಾಗಿ. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಹೊರತಂದ 'ಮಂಗಳೂರ ಸಮಾಚಾರ'ವು ಕನ್ನಡದ ಮೊದಲ ಪತ್ರಿಕೆ. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲ್ ಸಿದ್ಧಪಡಿಸಿದ, ಸುಮಾರು 70,000 ಪದಗಳ ನಿಘಂಟು 1894ರಲ್ಲಿ ಇಲ್ಲಿಯ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾಯಿತು. ಇವುಗಳನ್ನು ಮಿಷನರಿಗಳು ಕನ್ನಡಕ್ಕೆ ಕೊಟ್ಟ ಕೊಡುಗೆಗಳೆನ್ನುವುದು ನಮ್ಮ ರೂಢಿ. ಆದರೆ ಆ ಎಪ್ಪತ್ತು ಸಾವಿರ ಪದಗಳನ್ನು ಕಿಟ್ಟೆಲ್ಲರಿಗೆ ಮೊದಲು ಕೊಟ್ಟವರು ಕನ್ನಡಿಗರು: ಹಳೆಯ ಕವಿಗಳು, ಪಾಠ ಹೇಳಿದ ಪಂಡಿತರು, ಮಾತಾಡಿದ ಒಕ್ಕಲಿಗರು. ನೆಲಕ್ಕಿಂತ ಮೊದಲು ಈ ನಾಡು ಅವರಿಗೆ ಭಾಷೆಯಲ್ಲಿ ಜಾಗ ಕೊಟ್ಟಿತು.

ಜಾಗ ಕಳೆದುಕೊಂಡವರೂ ಈ ಗುಡ್ಡದ ಮೇಲಿದ್ದಾರೆ. ಸಾರಸ್ವತ ಕುಲದ ಆನಂದರಾಯ ಕೌಂಡಿನ್ಯರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕದಡಿತು. ಮನೆಯೂ ಬಂಧುಬಳಗವೂ ಅವರಿಗೆ ಎರವಾದವು. ಬಾಸೆಲಿನಲ್ಲಿ ವೇದಾಧ್ಯಯನ ಮಾಡಿ ಮರಳಿದ ಅವರು 1847ರಲ್ಲಿ ಇಲ್ಲಿ ಆರಂಭವಾಗಿದ್ದ ಸೆಮಿನರಿಯಲ್ಲಿ ಬೋಧಕರಾದರು. ಅವರ ಹೆಸರು ನಮಗೆ ತಿಳಿದಿದೆ. ಕಳ್ಳಿನ ಕಸುಬನ್ನು ಬಿಟ್ಟು ಸಭೆ ಸೇರಿದ ಬಿಲ್ಲವ ಕುಟುಂಬಗಳ ಹೆಸರುಗಳು ಅಷ್ಟಾಗಿ ತಿಳಿದಿಲ್ಲ. ಒಕ್ಕಲುತನವೂ ಕಸುಬೂ ಹೋದವರಿಗೆ ಅನ್ನಕ್ಕೆ ದಾರಿ ಬೇಕಾಯಿತು. ಮಿಷನ್ನಿನ ನೇಯ್ಗೆ ಶಾಲೆಯೂ, 1865ರಲ್ಲಿ ಜೆಪ್ಪುವಿನಲ್ಲಿ ಗೇಯೋರ್ಗ್ ಪ್ಲೆಬ್ಸ್ಟ್ ಆರಂಭಿಸಿದ ಹಂಚಿನ ಕಾರ್ಖಾನೆಯೂ ಆ ಅಗತ್ಯದಿಂದ ಬೆಳೆದವು. ನದಿದಡದ ಆವೆಮಣ್ಣನ್ನು ತುಳಿದು, ಅಚ್ಚಿಗೊತ್ತಿ, ಸುಟ್ಟವರು ಈ ಸಭೆಯ ಸದಸ್ಯರು. ಕೂಲಿ ಕೊಡುವವರೂ ಕರ್ತನ ಭೋಜನ ಕೊಡುವವರೂ ಒಂದೇ ಮಿಷನ್ನಿಗೆ ಸೇರಿದವರಾದಾಗ ವಿಶ್ವಾಸಿಯ ಸ್ವಾತಂತ್ರ್ಯ ಎಷ್ಟು ಉಳಿದೀತು ಎಂಬುದು ದೈವಜ್ಞಾನದ ಪ್ರಶ್ನೆಯೇ ಸರಿ. ಮೊದಲನೆಯ ಮಹಾಯುದ್ಧದಲ್ಲಿ ಜರ್ಮನ್ ಮಿಷನರಿಗಳು ಇಲ್ಲಿಂದ ಹೋಗಬೇಕಾಯಿತು, ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದವು. ಧಣಿಗಳು ಹೋದರು, ಸಭೆ ಉಳಿಯಿತು. ಉಳಿಸಿದವರು ಆ ಹೆಸರಿಲ್ಲದ ಕುಟುಂಬಗಳು.

ಪ್ರಶ್ನೆ ಕೇಳಿದ್ದ ಆ ವಿದ್ಯಾರ್ಥಿಯ ಮುತ್ತಜ್ಜ ಜೆಪ್ಪುವಿನ ಕಾರ್ಖಾನೆಯಲ್ಲಿ ಹಂಚು ಹೊತ್ತವರೆಂದು ನನಗೆ ತಿಳಿದುದು ಬಹಳ ದಿನಗಳ ಮೇಲೆ. ಅವನು ಕೇಳಿದುದು ಮಿಷನರಿಗಳ ಜಾಗವನ್ನಷ್ಟೇ ಕುರಿತಲ್ಲವೆಂದು ಆಗ ಹೊಳೆಯಿತು.

ನಡಿಗೆ ಮುಗಿದ ಮೇಲೆ ಹಿಂದಿರುಗಿ ಊರಿನ ಮಾಡುಗಳನ್ನು ನೋಡಿರೆಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಬಂದರಿನ ಗೋದಾಮು, ಬ್ಯಾರಿ ವರ್ತಕನ ಮನೆ, ಗುತ್ತಿನ ಮನೆ, ಶಾಲೆ, ಎಲ್ಲದರ ಮೇಲೂ ಕೆಂಪು ಹಂಚು. ಮಂಗಳೂರು ಹಂಚು ಎಂದು ದೂರದೇಶಗಳಲ್ಲಿಯೂ ಹೆಸರಾದುದು ಅದೇ. ಅತಿಥಿಯಾಗಿ ಬಂದ ಸಭೆಯ ಬಡವರು, ಇಲ್ಲಿಯದೇ ಮಣ್ಣಿನಿಂದ, ಊರಿಗೆ ಮಳೆಗಾಲದಲ್ಲಿ ಸೂರು ಮಾಡಿಕೊಟ್ಟರು. ನಾಳೆ ಬೇರೆ ಬೇರೆ ಊರುಗಳಿಗೆ ಸಭಾಪಾಲಕರಾಗಿ ಹೋಗುವವರು ಆಯಾ ಊರಿನಲ್ಲಿ ಮೊದಲು ಗುಡಿಗೋಪುರಗಳ ಇಸವಿ ಕೇಳುವ ಬದಲು ಈ ಎರಡನ್ನು ಕೇಳಲಿ: ನಮಗಿಲ್ಲಿ ಜಾಗ ಕೊಟ್ಟವರು ಯಾರು? ನಮ್ಮವರು ಯಾರಿಗೆ ಸೂರಾದರು?